ಗಿಡದ ದುಡ್ಡು ಯಾರ ಖಾತೆಯಲ್ಲಿದೆ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣ. ಹೋದ ವರ್ಷ ಬಸ್ ಸ್ಟ್ಯಾಂಡ್ ರಸ್ತೆ ಅಗಲ ಮಾಡುವಾಗ 11 ಬೇವಿನ ಗಿಡ ಕಡಿದರು. ಎಲ್ಲವೂ ನಮ್ಮ ಅಜ್ಜನ ಕಾಲದವು. ಆಗ ಕೇಳಿದಾಗ, ಬದಲಿ ಸಸಿ ನೆಡಲು ದುಡ್ಡು ಕಟ್ಟಿದ್ದಾರೆ ಅಂದರು. ಈಗ ಪುರಸಭೆಗೆ ಹೋದರೆ "ನಮ್ಮ ಹತ್ರ ಅಂಥ ಹಣ ಬಂದಿಲ್ಲ" ಅಂತಾರೆ. ಸರ್, ಗಿಡಗಳಿಗೆ ಅಂತಲೇ ಬೇರೆ ನಿಧಿ ಇರುತ್ತದೆಯೇ? ಅದನ್ನು ಯಾರು ನಿಭಾಯಿಸುತ್ತಾರೆ? ನಮ್ಮಂಥವರು ಲೆಕ್ಕ ಕೇಳಬಹುದಾ?

ಉತ್ತರ: ಪುರಸಭೆಯ ಮೇಲಿನ ಸಿಟ್ಟನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. "ನಮ್ಮ ಹತ್ರ ಬಂದಿಲ್ಲ" ಅನ್ನುವ ಮಾತು ನಿಜವೇ ಇರಬಹುದು. ನೀವು ತಪ್ಪು ಬಾಗಿಲು ಬಡಿದಿದ್ದೀರಿ, ಅಷ್ಟೇ.

ನಮ್ಮ ರಾಜ್ಯದಲ್ಲಿ ಊರೊಳಗಿನ ಗಿಡ ಕಡಿಯಬೇಕಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಆ ಅನುಮತಿ ಕೊಡುವವರು ವೃಕ್ಷ ಅಧಿಕಾರಿ. ಹೆಸರು ಕೇಳಿ ಪುರಸಭೆಯ ಯಾರೋ ಇರಬೇಕು ಅಂದುಕೊಳ್ಳುತ್ತೇವೆ. ಅಲ್ಲ. ಅವರು ಅರಣ್ಯ ಇಲಾಖೆಯವರು, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಿಂತ ಕೆಳಗಿನ ದರ್ಜೆಯವರು ಆಗುವಂತಿಲ್ಲ. ಅನುಮತಿ ಕೊಡುವಾಗ ಬದಲಿ ಸಸಿ ನೆಡಬೇಕೆಂಬ ಷರತ್ತು ಹಾಕುವವರೂ ಅವರೇ. ಹಾಗಾಗಿ ರಸ್ತೆ ಮಾಡಿಸಿದ ಇಲಾಖೆ ಬದಲಿ ಸಸಿಗೆಂದು ದುಡ್ಡು ಕಟ್ಟಿದ್ದರೆ ಅದು ಅರಣ್ಯ ಇಲಾಖೆಯ ಲೆಕ್ಕದಲ್ಲಿರುವ ಸಾಧ್ಯತೆಯೇ ಜಾಸ್ತಿ. ಇನ್ನೊಂದು ಸಾಧ್ಯತೆಯೂ ಇದೆ. ದುಡ್ಡು ಯಾರಿಗೂ ಕಟ್ಟದೆ, ಗುತ್ತಿಗೆದಾರನೇ ಸಸಿ ನೆಡಬೇಕು ಅಂತ ರಸ್ತೆಯ ಅಂದಾಜು ಪಟ್ಟಿಯಲ್ಲೇ ಒಂದು ಸಾಲು ಸೇರಿಸಿರಬಹುದು. ಎರಡರಲ್ಲಿ ಯಾವುದು ಅಂತ ಅನುಮತಿ ಆದೇಶ ನೋಡಿದರೆ ಗೊತ್ತಾಗುತ್ತದೆ. ಒಂದೆರಡು ಪುಟದ ಕಾಗದ. ನಿಮ್ಮ ಇಡೀ ಪ್ರಶ್ನೆಯ ಬೀಗದ ಕೈ ಅದು.

ಬೇವು ಈ ಕಾಯ್ದೆಯ ರಕ್ಷಣೆಯೊಳಗೇ ಬರುತ್ತದೆ. ಬಳ್ಳಾರಿ ಜಾಲಿ, ನೀಲಗಿರಿ, ತೆಂಗು, ಸುಬಾಬುಲ್‌ನಂಥ ಕೆಲವಕ್ಕೆ ಮಾತ್ರ ಅನುಮತಿ ಬೇಡ. 50ಕ್ಕಿಂತ ಹೆಚ್ಚು ಗಿಡ ಕಡಿಯುವುದಿದ್ದರೆ ಮೊದಲು ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ನಿಮ್ಮದು 11, ಆ ಮಟ್ಟಕ್ಕೆ ಹೋಗುವುದಿಲ್ಲ. ಆದರೆ ಒಂದೇ ರಸ್ತೆಯನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ 40, 45 ಗಿಡ ಅಂತ ಬೇರೆ ಬೇರೆ ಅರ್ಜಿ ಹಾಕಿದ್ದಾರಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಪುರಸಭೆಗೆ ತನ್ನದೇ ಆದ ಗಿಡದ ನಿಧಿ ಇಲ್ಲವೇ?

ಇಲ್ಲಿ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಜಾಗ ಮಜವಾಗಿದೆ. ಪಶ್ಚಿಮಕ್ಕೆ ಹೊರಟರೆ ಸೊಲ್ಲಾಪುರ. ಮಹಾರಾಷ್ಟ್ರದಲ್ಲಿ ನಗರ ಪ್ರದೇಶದ ಗಿಡಗಳಿಗೆ 1975ರಿಂದಲೇ ಬೇರೆ ಕಾಯ್ದೆ ಇದೆ. ಅಲ್ಲಿ ನಗರ ಸಂಸ್ಥೆಯಲ್ಲೇ ವೃಕ್ಷ ಪ್ರಾಧಿಕಾರ, ಅದಕ್ಕೊಂದು ವೃಕ್ಷ ನಿಧಿ. ಮನೆ ತೆರಿಗೆ ಬಿಲ್ಲಿನಲ್ಲಿ 'ವೃಕ್ಷ ಕರ' ಅಂತ ಒಂದು ಸಾಲು ಬರುತ್ತದೆ. ಅಲ್ಲಿ ನೆಂಟರಿದ್ದರೆ ಬಿಲ್ಲು ತೋರಿಸಿ ಅನ್ನಿ, ಕಾಣುತ್ತದೆ. ಐದು ವರ್ಷಕ್ಕೊಮ್ಮೆ ಗಿಡಗಳ ಎಣಿಕೆ ಮಾಡಬೇಕು ಅಂತಲೂ ಆ ಕಾಯ್ದೆ ಹೇಳುತ್ತದೆ. ಪೂರ್ವಕ್ಕೆ ಬೀದರ್ ದಾಟಿದರೆ ಜಹೀರಾಬಾದ್, ಯಾದಗಿರಿ ದಾಟಿದರೆ ನಾರಾಯಣಪೇಟ. ತೆಲಂಗಾಣದಲ್ಲಿ 2018ರ ಪಂಚಾಯತ್ ರಾಜ್ ಕಾಯ್ದೆ, 2019ರ ಪುರಸಭೆ ಕಾಯ್ದೆ ಬಂದ ಮೇಲೆ ಸ್ಥಳೀಯ ಸಂಸ್ಥೆಯ ಬಜೆಟ್‌ನಲ್ಲಿ ಶೇ 10 ಹಸಿರಿಗೇ ಎತ್ತಿಡಬೇಕು. ನೆಟ್ಟ ಸಸಿಗಳಲ್ಲಿ ಶೇ 85 ಬದುಕಿರಬೇಕು, ಇಲ್ಲದಿದ್ದರೆ ಹೊಣೆ ಹೊತ್ತವರ ಮೇಲೆ ಕ್ರಮ.

ಮಧ್ಯದಲ್ಲಿ ನಾವು. ನಮ್ಮ ತೆರಿಗೆ ರಸೀದಿಯಲ್ಲಿ ಗ್ರಂಥಾಲಯಕ್ಕೆ ಶೇ 6 ಉಪಕರ ಇದೆ, ಆರೋಗ್ಯಕ್ಕೆ ಇದೆ, ಭಿಕ್ಷುಕರ ಪುನರ್ವಸತಿಗೂ ಇದೆ. ಗಿಡಕ್ಕೆ ಇಲ್ಲ. ಆದ್ದರಿಂದ ನಿಮ್ಮ ಪುರಸಭೆಯ ಬಜೆಟ್‌ನಲ್ಲಿ ಗಿಡದ ಖರ್ಚು ಉದ್ಯಾನ, ನೈರ್ಮಲ್ಯ, ಕಾಮಗಾರಿ, 'ಇತರೆ' ಅಂತ ನಾಲ್ಕು ಕಡೆ ಚದುರಿರುತ್ತದೆ. ಕೂಡಿಸಿ ನೋಡುವವರು ಯಾರೂ ಇಲ್ಲ.

ಆದರೆ ಕಾನೂನಿನಲ್ಲಿ ಹೆಸರಿಟ್ಟ ಒಂದು ನಿಧಿ ನಮ್ಮಲ್ಲೂ ಇದೆ. ಬಹಳ ಜನಕ್ಕೆ, ಎಷ್ಟೋ ಪುರಸಭೆ ಸದಸ್ಯರಿಗೂ, ಗೊತ್ತಿರುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿ, ಪುರಸಭೆ, ಪಾಲಿಕೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ಕೈಗೆ 'ಸ್ಥಳೀಯ ಜೀವವೈವಿಧ್ಯ ನಿಧಿ' ಇರಬೇಕು. ಊರಿನ ಗಿಡ ಮರ, ಪ್ರಾಣಿ ಪಕ್ಷಿ, ನಾಟಿ ತಳಿಗಳ ದಾಖಲೆ ಪುಸ್ತಕ ಬರೆಯುವುದೂ ಈ ಸಮಿತಿಯ ಕೆಲಸ. ನಿಮ್ಮ ಊರಿನಲ್ಲೂ ಕಾಗದದ ಮೇಲೆ ಈ ಸಮಿತಿ ಇರಲೇಬೇಕು. ಅದು ಕಡೆಯ ಸಲ ಯಾವಾಗ ಕೂತಿತ್ತು, ಖಾತೆಯಲ್ಲಿ ಎಷ್ಟಿದೆ, ಆ ದಾಖಲೆ ಪುಸ್ತಕದಲ್ಲಿ ಬಸ್ ಸ್ಟ್ಯಾಂಡ್ ರಸ್ತೆಯ ಬೇವುಗಳು ಇದ್ದವೋ ಇಲ್ಲವೋ, ಇವನ್ನು ಕೇಳಿ. ಉತ್ತರ ಕೊಡಲು ಹುಡುಕಾಡುತ್ತಾರೆ. ಹುಡುಕಾಡಲಿ.

ಇನ್ನುಳಿದ ಜೇಬುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಯಾಕೆಂದರೆ ಇವುಗಳ ಹೆಸರು ಹೇಳಿ ಜನರನ್ನು ಸುಮ್ನೆ ಅಲೆಸುತ್ತಾರೆ.

'ಕ್ಯಾಂಪಾ' ಅಂತ ಕೇಳಿರುತ್ತೀರಿ. ಸಾವಿರಾರು ಕೋಟಿಯ ಮಾತು ಬರುವುದು ಅದರಲ್ಲೇ. ಅದು ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಕೊಟ್ಟಾಗ ಕಟ್ಟಿಸಿಕೊಳ್ಳುವ ಹಣ. 2016ರ ಕಾಯ್ದೆಯಂತೆ ಅದರಲ್ಲಿ ಶೇ 90 ರಾಜ್ಯದ ನಿಧಿಗೆ, ಶೇ 10 ಕೇಂದ್ರದ ನಿಧಿಗೆ. ಖರ್ಚು ಮಾಡುವುದು ಅರಣ್ಯ ಇಲಾಖೆ. ಚಿಂಚೋಳಿ ಕಾಡಿನ ಜಮೀನು ಹೋದರೆ ಕ್ಯಾಂಪಾ ಬರುತ್ತದೆ. ನಿಮ್ಮ ಬಸ್ ಸ್ಟ್ಯಾಂಡ್ ರಸ್ತೆಯ ಬೇವಿಗೆ ಬರುವುದಿಲ್ಲ.

ಕಲಬುರಗಿ ನಗರಕ್ಕೆ ಮಾತ್ರ ಇನ್ನೊಂದು ದಾರಿ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಮ್ಮ ಧೂಳಿಗೂ ಒಂದು ರಾಷ್ಟ್ರೀಯ ಮನ್ನಣೆ ಸಿಕ್ಕಿತು ಅನ್ನಿ. ಈ ಹಣ ಪಾಲಿಕೆಗೆ ಬರುತ್ತದೆ, ಹಸಿರೀಕರಣಕ್ಕೂ ಬಳಸಬಹುದು. ಆದರೆ ದೇಶದಾದ್ಯಂತ ಇದರಲ್ಲಿ ಹೆಚ್ಚಿನ ಪಾಲು ಹೋಗಿರುವುದು ರಸ್ತೆಗೆ ಕಲ್ಲು ಹಾಸಲು, ಗುಂಡಿ ಮುಚ್ಚಲು, ಗುಡಿಸುವ ಯಂತ್ರಕ್ಕೆ, ನೀರು ಚಿಮುಕಿಸಲು. ನಿಮ್ಮ ಪಟ್ಟಣಕ್ಕೆ ಇದು ಬರುವುದಿಲ್ಲ.

ನಿಮಗೆ ಬರಬಹುದಾದದ್ದು ಖನಿಜದ ದುಡ್ಡು. ಸೇಡಂ, ಚಿತ್ತಾಪುರ ಕಡೆ ಸುಣ್ಣಕಲ್ಲು ತೆಗೆದು ಸಿಮೆಂಟ್ ಮಾಡುವ ಕಾರ್ಖಾನೆಗಳಿವೆಯಲ್ಲ, ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ ಅದರ ಶೇ 10 ಅಥವಾ ಶೇ 30 ಹಣವನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಕಟ್ಟಬೇಕು. 2015ರ ತಿದ್ದುಪಡಿಯಿಂದ ಬಂದದ್ದು. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆಂದೇ ಇರುವ ಈ ಹಣದಲ್ಲಿ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೇ ಹೋಗಬೇಕು. ಪರಿಸರ ರಕ್ಷಣೆ ಮತ್ತು ಮಾಲಿನ್ಯ ನಿಯಂತ್ರಣವೂ ಆ ಪಟ್ಟಿಯಲ್ಲಿದೆ. ನಿಮ್ಮ ತಾಲ್ಲೂಕು ಗಣಿ ಪ್ರದೇಶದ್ದಾಗಿದ್ದರೆ ಪುರಸಭೆಯಿಂದ ಇದಕ್ಕೆ ಪ್ರಸ್ತಾವನೆ ಹೋಗಿದೆಯಾ ಅಂತ ಕೇಳಿ. ಹೋಗಿದ್ದರೂ ಶಾಲೆ ಕೋಣೆ, ರಸ್ತೆ, ಶುದ್ಧ ನೀರಿನ ಘಟಕ ಮುಂದೆ ನಿಲ್ಲುತ್ತವೆ, ಗಿಡ ಹಿಂದೆ ನಿಲ್ಲುತ್ತದೆ. ಯಾಕೆ ಅಂದರೆ ಅದಕ್ಕೆ ಅಡಿಗಲ್ಲು ಹಾಕೋಕಾಗಲ್ಲ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ ಮಾತಿಗೆ ಬರುತ್ತೇನೆ. "ಬೇರೆ ನಿಧಿ ಇರುತ್ತದೆಯೇ?" ಅಂತ ಕೇಳಿದ್ದೀರಿ. ಬೇರೆ ನಿಧಿ ಯಾಕೆ ಬೇಕು ಅಂತ ನನಗೆ ಅರ್ಥ ಆದದ್ದು ಒಂದು ಎಪ್ರಿಲ್ ತಿಂಗಳಲ್ಲಿ.

ನಾನು ನಗರ ಸ್ಥಳೀಯ ಸಂಸ್ಥೆಗಳ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡಿದವನು. ಒಂದು ಪಟ್ಟಣದಲ್ಲಿ, ಹೆಸರು ಬೇಡ, ಜುಲೈ ವನಮಹೋತ್ಸವಕ್ಕೆ 600 ಸಸಿ ನೆಟ್ಟರು. ಹೊಂಗೆ, ಬೇವು, ನಡುನಡುವೆ ಗುಲ್‌ಮೊಹರ್. ಎಲ್ಲಕ್ಕೂ ಕಬ್ಬಿಣದ ಜಾಲರಿ, ಜಾಲರಿಗೆ ಹಸಿರು ಬಣ್ಣ. ಬಿಲ್ಲು ನನ್ನ ಮೇಜಿಗೆ ಬಂತು. ಫೈಲಿನಲ್ಲಿ ಎಲ್ಲ ಸರಿಯಾಗಿತ್ತು. ಎಂ.ಬಿ. ಪುಸ್ತಕದಲ್ಲಿ, ಅಂದರೆ ಕಾಮಗಾರಿಯ ಅಳತೆ ಬರೆಯುವ ಪುಸ್ತಕದಲ್ಲಿ, ಗುಂಡಿಯ ಉದ್ದ, ಅಗಲ, ಆಳ ಬರೆದಿದ್ದರು. ಕೆಂಪು ಮಣ್ಣು ಎಷ್ಟು, ಗೊಬ್ಬರ ಎಷ್ಟು, ಜಾಲರಿಯ ತೂಕ ಎಷ್ಟು, ಎಲ್ಲ ಇತ್ತು. ಫೋಟೋ ಇತ್ತು. ಪಾಸ್ ಮಾಡಿದೆ. ಸಸಿ ಬದುಕಿದೆಯೋ ಸತ್ತಿದೆಯೋ ಬರೆಯಲು ಮಾತ್ರ ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಅದು ಇಲ್ಲ ಅಂತ ನನಗೂ ಆವತ್ತು ಹೊಳೆಯಲಿಲ್ಲ.

ಮುಂದಿನ ಎಪ್ರಿಲ್‌ನಲ್ಲಿ ಅದೇ ರಸ್ತೆಯಲ್ಲಿ ಹೋಗುತ್ತಿದ್ದೆ. ಜಾಲರಿಗಳು ನಿಂತಿದ್ದವು, ಒಳಗೆ ಒಣಗಿದ ಕಡ್ಡಿ. ನಮ್ಮ ಎರೆ ನೆಲ ನಿಮಗೆ ಗೊತ್ತೇ ಇದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಸಸಿಯ ಬುಡದ ಬಿರುಕಿನಲ್ಲಿ ನನ್ನ ಕೈಬೆರಳು ಪೂರ್ತಿ ಇಳಿಯಿತು. ಟ್ಯಾಂಕರ್ ಓಡಿಸುವ ಹುಡುಗನನ್ನು ಕರೆದು ಕೇಳಿದೆ. ಅವನು ಹೇಳಿದ್ದು ಇಷ್ಟೇ: "ಸಾಹೇಬ್ರ, ಮಾರ್ಚ್ ಮುಗೀತಲ್ರೀ. ಹಳೇ ಟೆಂಡರ್ ಹೋತು, ಹೊಸಾದು ಇನ್ನಾ ಆಗಿಲ್ಲ. ಬಿಲ್ಲು ಬರಂಗಿಲ್ಲ ಅಂದ್ರ ನೀರು ಹ್ಯಾಂಗ ಹಾಕ್ಲಿ?"

ಅವನ ಮಾತಿನಲ್ಲಿ ತಪ್ಪಿಲ್ಲ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಲಬುರಗಿ, ಯಾದಗಿರಿ ಕಡೆ ಸಸಿಗೆ ನೀರು ಬೇಕೇಬೇಕಾದ ತಿಂಗಳುಗಳು ಮಾರ್ಚ್, ಎಪ್ರಿಲ್, ಮೇ. ವರ್ಷದ ಲೆಕ್ಕ ಕಟ್ಟುವ ಗಡಿಬಿಡಿಯಲ್ಲಿ ಮಾರ್ಚ್ ಹೋಗುತ್ತದೆ. ಎಪ್ರಿಲ್, ಮೇನಲ್ಲಿ ಹೊಸ ಕ್ರಿಯಾಯೋಜನೆ, ಹೊಸ ಮಂಜೂರಾತಿ, ಹೊಸ ಟೆಂಡರ್. ಜೂನ್‌ಗೆ ಕಾಗದ ಸರಿಯಾಗುತ್ತದೆ, ಆಗ ಮಳೆಯೂ ಬರುತ್ತದೆ, ಸತ್ತ ಸಸಿಯ ಗುಂಡಿಯಲ್ಲೇ ಮತ್ತೊಂದು ನೆಡುತ್ತಾರೆ. ಬೇರೆ ನಿಧಿಯ ಉಪಯೋಗ ಇರುವುದು ಇಲ್ಲಿ. ದುಡ್ಡು ಹೆಚ್ಚು ಸಿಗುತ್ತದೆ ಅಂತಲ್ಲ. ಉಳಿದ ಹಣ ಮಾರ್ಚ್ 31 ದಾಟಿ ಅದೇ ಕೆಲಸಕ್ಕೆ ಉಳಿಯುತ್ತದೆ, ಮೂರು ವರ್ಷದ ನೀರಿನ ಒಪ್ಪಂದ ಒಂದೇ ಸಲ ಮಾಡಬಹುದು.

ನೀರಿನ ಲೆಕ್ಕ ಸ್ವಲ್ಪ ಹಾಕಿ ನೋಡಿ. 500 ಸಸಿ ಅಂದುಕೊಳ್ಳಿ. ವಾರಕ್ಕೊಮ್ಮೆ ಒಂದೊಂದಕ್ಕೆ 20 ಲೀಟರ್. ಅಂದರೆ 10,000 ಲೀಟರ್, 5,000 ಲೀಟರಿನ ಎರಡು ಟ್ಯಾಂಕರ್. ಡಿಸೆಂಬರ್‌ನಿಂದ ಮೇ ಕೊನೆವರೆಗೆ 26 ವಾರ, 52 ಟ್ಯಾಂಕರ್. ಮೂರು ಬೇಸಿಗೆಗೆ 156. ನಿಮ್ಮೂರಿನ ಟ್ಯಾಂಕರ್ ದರದಿಂದ ಗುಣಿಸಿ, ನೆಡುವ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿ. ನೆಡುವುದು ಒಂದು ಮುಂಜಾನೆಯ ಕೆಲಸ, ಅದಕ್ಕೆ ಫೋಟೋ ಇರುತ್ತದೆ. ಈ 156 ಟ್ರಿಪ್ಪಿಗೆ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ತೆಲಂಗಾಣದವರು ಪ್ರತಿ ಗ್ರಾಮ ಪಂಚಾಯಿತಿಗೂ ಟ್ರ್ಯಾಕ್ಟರ್, ಟ್ಯಾಂಕರ್ ಕೊಡಿಸಿದ್ದರ ಅರ್ಥ ನನಗೆ ಈ ಲೆಕ್ಕ ಹಾಕಿದ ಮೇಲೆ ಆಯಿತು. ಅಲ್ಲೂ ಎಲ್ಲ ಸರಿಯಿದೆ ಅಂತ ನಾನು ಹೇಳುವುದಿಲ್ಲ. ಆದರೆ ನೀರಿನ ಗಾಡಿಯನ್ನು ಮೊದಲು ಲೆಕ್ಕಕ್ಕೆ ಹಿಡಿದರಲ್ಲ, ಅದು ಜಾಣತನ.

ನಮ್ಮಲ್ಲೂ ಬದುಕಿದ ಸಸಿಗೇ ದುಡ್ಡು ಕೊಡುವ ಪದ್ಧತಿ ಹೊಸದೇನಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನೋಡಿ. ರೈತ ಹೊಲದಲ್ಲಿ ನೆಟ್ಟ ಸಸಿ ಮೊದಲ ವರ್ಷ ಉಳಿದರೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಎಣಿಸಿ ಕೊಡುತ್ತಾರೆ. ಸತ್ತದ್ದಕ್ಕೆ ಇಲ್ಲ. ಹೊಲದ ರೈತನಿಗೆ ಹಾಕುವ ಈ ಷರತ್ತನ್ನು ಪಟ್ಟಣದ ಗುತ್ತಿಗೆದಾರನಿಗೆ ಯಾಕೆ ಹಾಕಬಾರದು?

ಹಾಕಬಹುದು. ಅದಕ್ಕೆ ಬೆಂಗಳೂರಿನಿಂದ ಹೊಸ ಕಾಯ್ದೆ ಬರಬೇಕಿಲ್ಲ. ಪುರಸಭೆಯ ಸಾಮಾನ್ಯ ಸಭೆ ನಿರ್ಣಯ ಮಾಡಿ ಬಜೆಟ್‌ನಲ್ಲಿ ಗಿಡಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಬಹುದು. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಬಂದ ಮೇಲೆ ನಮ್ಮಲ್ಲಿ ಜೋಡಿ ನಮೂದು ಪದ್ಧತಿ (ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವುದು) ಇದೆ, ನಿಧಿವಾರು ಲೆಕ್ಕ ಇಡುವುದು ಕಷ್ಟವಲ್ಲ. "ಹಾಗೆಲ್ಲ ಕಟ್ಟಿಹಾಕೋಕೆ ಬರಲ್ಲ" ಅಂತ ಯಾರಾದರೂ ಅಂದರೆ 24.10ರ ನೆನಪು ಮಾಡಿ. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಪ್ರತಿ ಸ್ಥಳೀಯ ಸಂಸ್ಥೆಯೂ ಎತ್ತಿಡುತ್ತದೆ. ಅದಕ್ಕೆ ಬೇರೆ ಕ್ರಿಯಾಯೋಜನೆ ಮಾಡುತ್ತದೆ, ಬೇರೆ ಲೆಕ್ಕ ಕೊಡುತ್ತದೆ. ಕಚೇರಿಯಲ್ಲಿ ಯಾರನ್ನೇ ಕೇಳಿ, ಈ ಮೂರು ಅಂಕಿ ಬಾಯಿಪಾಠ. ಅಂದಮೇಲೆ ಎತ್ತಿಡುವುದು ಹೇಗೆ ಅಂತ ಅವರಿಗೆ ಚೆನ್ನಾಗಿಯೇ ಗೊತ್ತು, ಅಲ್ವಾ? ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ. ಕುರ್ಚಿ ಖಾಲಿ ಇರುತ್ತವೆ. ನೀವು ನಾಲ್ಕು ಜನ ಹೋಗಿ, ಮಾತಿನಲ್ಲಿ ಹೇಳಬೇಡಿ, ಬರೆದು ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಈಗ ನಿಮ್ಮ 11 ಬೇವಿಗೆ. ಮಾಹಿತಿ ಹಕ್ಕಿನಲ್ಲಿ ಮೂರು ಅರ್ಜಿ ಹಾಕಿ, ಒಂದರಲ್ಲೇ ಎಲ್ಲ ತುರುಕಬೇಡಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಶುಲ್ಕ 10 ರೂಪಾಯಿ. ಮೊದಲನೆಯದು ಅರಣ್ಯ ಇಲಾಖೆಗೆ: ಈ ರಸ್ತೆಯ ಗಿಡ ಕಡಿಯಲು ಕೊಟ್ಟ ಅನುಮತಿ ಆದೇಶದ ನಕಲು, ಕಟ್ಟಿಸಿಕೊಂಡ ಹಣದ ರಸೀದಿ, ಬದಲಿ ಸಸಿ ನೆಟ್ಟ ಜಾಗದ ಪಟ್ಟಿ. ಎರಡನೆಯದು ರಸ್ತೆ ಮಾಡಿಸಿದ ಇಲಾಖೆಗೆ: ಅಂದಾಜು ಪಟ್ಟಿಯಲ್ಲಿ ಗಿಡ ತೆಗೆಯುವುದು, ನೆಡುವುದಕ್ಕೆ ಇಟ್ಟ ಸಾಲುಗಳು, ಆ ಸಾಲುಗಳಿಗೆ ಪಾವತಿಯಾದ ಬಿಲ್ಲು. ಮೂರನೆಯದು ಪುರಸಭೆಗೆ: ಠೇವಣಿ ರಿಜಿಸ್ಟರಿನಲ್ಲಿ (ಬೇರೆಯವರು ಠೇವಣಿಯಾಗಿ ಕಟ್ಟಿದ ಹಣ ಬರೆಯುವ ಪುಸ್ತಕ) ಆ ವರ್ಷದ ನಮೂದುಗಳು, ಹಿಂದಿನ ಮೂರು ವರ್ಷ ಸಸಿಗೆ ನೀರು ಹಾಕಿದ ಟ್ಯಾಂಕರ್ ಬಿಲ್ಲುಗಳು.

"ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಬರೆಯಬೇಡಿ. ಯಾಕೆ ಅನ್ನುವುದಕ್ಕೆ ಕಾಗದ ಇರುವುದಿಲ್ಲ, ಅರ್ಜಿ ವಾಪಸ್ ಬರುತ್ತದೆ. ನಕಲು ಕೇಳಿ. ಇನ್ನೊಂದು ಸಣ್ಣ ಮಾತು. ನಮ್ಮ ಕಡೆ ದೊಡ್ಡ ಮರಕ್ಕೂ ಗಿಡ ಅಂತೀವಿ, ಅರ್ಜಿಯಲ್ಲಿ ಮಾತ್ರ 'ಮರ' ಅಂತಲೇ ಬರೆಯಿರಿ. 'ಗಿಡ ತೆಗೆದದ್ದು' ಅಂತ ಬರೆದ ಒಬ್ಬರಿಗೆ ರಸ್ತೆ ಬದಿ ಮುಳ್ಳುಕಂಟಿ ಸವರಿದ ಲೆಕ್ಕ ಬಂದದ್ದನ್ನು ನಾನೇ ನೋಡಿದ್ದೇನೆ.

30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ, ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿಲ್ಲ. ಇದನ್ನು ಓದುತ್ತಿರುವ ಹಳ್ಳಿಯವರಿಗೆ ಇನ್ನೂ ಸುಲಭದ ದಾರಿ ಇದೆ. ಗ್ರಾಮ ಪಂಚಾಯಿತಿಯಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಅವತ್ತು ಲೆಕ್ಕದ ಪುಸ್ತಕಗಳು ಜನರ ಮುಂದೆ ಬರುತ್ತವೆ, ಕಾಮಗಾರಿಯ ಜಾಗಕ್ಕೂ ಹೋಗುತ್ತಾರೆ. ರಸ್ತೆ ಬದಿ ನೆಟ್ಟ ಸಸಿಗಳನ್ನು ಅವತ್ತೇ ನಡೆದುಕೊಂಡು ಹೋಗಿ ಎಣಿಸಿ.

ಉತ್ತರ ಬರುವವರೆಗೆ ಒಂದು ಕೆಲಸ ಮಾಡಿಡಿ. 11 ಮರ ಇದ್ದ ಜಾಗಗಳನ್ನು ಗುರುತು ಮಾಡಿ, ಯಾರ ಅಂಗಡಿ ಮುಂದೆ, ಯಾವ ಕಂಬದ ಪಕ್ಕ ಅಂತ ಬರೆದಿಡಿ. ಹಳೆಯ ಫೋಟೋ ಅಂಗಡಿಯವರ ಮೊಬೈಲ್‌ನಲ್ಲಿ ಸಿಗುತ್ತವೆ, ಉದ್ಘಾಟನೆ ದಿನ ತೆಗೆದದ್ದರ ಹಿಂದೆ ಬೇವು ಕಂಡೇ ಕಾಣುತ್ತದೆ. ಅನುಮತಿ ಆದೇಶದಲ್ಲಿ 11 ಅಂತಲೇ ಇದೆಯೋ, 7 ಅಂತ ಇದೆಯೋ ತಾಳೆ ನೋಡಲು ಅದು ಬೇಕಾಗುತ್ತದೆ. ಠೇವಣಿ ರಿಜಿಸ್ಟರಿನ ಪುಟ ಸಿಕ್ಕರೆ ನನಗೂ ಒಂದು ನಕಲು ಕಳಿಸಿ, ಓದಿ ಹೇಳುತ್ತೇನೆ.